ಸೀ ಸರ್ ಮತ್ತು ಚೇರ್ಮನ್ನರ ಪಾಳಿ

ಹೋದ ತಿಂಗಳು ಚಿಕ್ಕೋಡಿಯಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ತೀರಿಕೊಂಡವರ ಫೋಟೋಕ್ಕೆ ಹಾಕಿದ ಹಾರಕ್ಕಿಂತ ವೇದಿಕೆಯ ಮೇಲಿದ್ದವರಿಗೆ ಹಾಕಿದ ಹಾರಗಳು ದಪ್ಪವಾಗಿದ್ದವು. ಮಾತಾಡಿದವರೆಲ್ಲ ತಾವು ಅವರಿಗೆ ಮಾಡಿದ ಉಪಕಾರವನ್ನು ನೆನೆದು ಕಣ್ಣೊರೆಸಿಕೊಂಡರು. ಒಬ್ಬರು ‘ಈ ತಾಲೂಕಿಗೆ ಕಂಪ್ಯೂಟರನ್ನು ತಂದ ಮಹಾನುಭಾವರು’ ಎಂದರು. ಕಂಪ್ಯೂಟರನ್ನು ತಂದದ್ದು ಗೊಬ್ಬರದ ಅಂಗಡಿಯ ಟೆಂಪೋ. ಇನ್ನೊಬ್ಬರು ‘ನನ್ನ ಕೈಯಾಗ ಬೆಳದ ಮನಿಶಾ’ ಎಂದು ಗದ್ಗದರಾದರು. ಅವರೇ ಆ ಮನುಷ್ಯನನ್ನು ಕೆಲಸದಿಂದ ತೆಗೆದವರು. ಸಭೆ ಮುಗಿಯುವ ಹೊತ್ತಿಗೆ ತೀರಿಕೊಂಡವರು ಬದುಕಿದ್ದಾಗ ಏನು ಮಾಡುತ್ತಿದ್ದರು ಎಂಬುದೊಂದು ಬಿಟ್ಟು ಉಳಿದದ್ದೆಲ್ಲ ಗೊತ್ತಾಗಿತ್ತು. ನನಗೆ ಮೈಕು ಸಿಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಹೇಳುವುದಿಲ್ಲ. ಸಭೆಯಲ್ಲಿ ಅದನ್ನು ಬೇಕಾದಷ್ಟು ಸಲ ತಪ್ಪಾಗಿ ಹೇಳಿಯಾಗಿದೆ. ನಾವು ಕರೆಯುತ್ತಿದ್ದದ್ದು ‘ಸೀ ಸರ್’ ಎಂದು. ಇಂಗ್ಲಿಷಿನ ಮೂರನೇ ಅಕ್ಷರವನ್ನೇ ಹೆಸರಾಗಿ ಇಟ್ಟುಕೊಂಡ ಒಂದು ಭಾಷೆ ಇದೆ, ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ. ಅವರು ಕಲಿಸುತ್ತಿದ್ದದ್ದು ಅದನ್ನು. ಸಕ್ಕರೆ ಕಾರ್ಖಾನೆಗಳ ಸೀಮೆಯಾದ್ದರಿಂದ ಕೆಲವು ಹಿರಿಯರು ಅದನ್ನು ಸಿಹಿಯ ಸೀ ಎಂದೇ ತಿಳಿದಿದ್ದರು. ಸರ್ ನಾಲಿಗೆಯ ಪರಿಚಯವಿದ್ದ ನಾವು ಯಾರೂ ಹಾಗೆ ತಿಳಿಯುವ ಸಾಧ್ಯತೆ ಇರಲಿಲ್ಲ.

ತೊಂಬತ್ತರ ದಶಕದ ನಡುಭಾಗ. ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಟೈಪಿಂಗ್ ಕ್ಲಾಸಿತ್ತು. ಅಲ್ಲಿ ಕಲಿಸುವವಳು ನಾನು. ಎಲ್ಲರ ಬಾಯಲ್ಲಿ ‘ಟೈಪಿಂಗ್ ಬಾಯಾರು’. ಕ್ಲಾಸಿನ ಮಾಲಕರಿಗೆ ಊರಾಚೆ ಕಬ್ಬಿನ ಹೊಲವಿತ್ತು, ಊರೊಳಗೆ ರಾಜಕೀಯವಿತ್ತು. ಎರಡಕ್ಕೂ ಸಮನಾಗಿ ನೀರು ಬಿಡುತ್ತಿದ್ದರು. ಒಮ್ಮೆ ಕೊಲ್ಲಾಪುರಕ್ಕೆ ಹೋಗಿ ಬಂದವರೇ, “ಇನ್ನ ಟೈಪಿಂಗ್ ನಡಿಯೂದಿಲ್ಲ ಬಾಯಾರ. ಅಲ್ಲಿ ಎಲ್ಲಾ ಕಂಪ್ಯೂಟರ್ ಆಗೇತಿ” ಎಂದು ಘೋಷಿಸಿ ಹಾಲಿನ ನಡುವೆ ಪ್ಲೈವುಡ್ಡಿನ ಗೋಡೆ ಹೊಡೆಸಿದರು. ಈಚೆ ನಾನು ಮತ್ತು ನನ್ನ ಟೈಪ್‌ರೈಟರುಗಳು, ಆಚೆ ಕಂಪ್ಯೂಟರು. ಆಚೆ ಹೋಗುವವರು ಚಪ್ಪಲಿ ಬಿಟ್ಟು ಹೋಗಬೇಕು. ಈಚೆ ಬರುವವರು ಹೇಗೆ ಬಂದರೂ ನಡೆಯುತ್ತಿತ್ತು.

ಉದ್ಘಾಟನೆಯ ದಿನ ಮಾನಿಟರಿಗೆ ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಕಾಯಿಯ ನೀರೂ ಕುಂಕುಮವೂ ಕೂಡಿ ಕೀಬೋರ್ಡಿನೊಳಗೆ ಇಳಿದು ‘ಆರ್’ ಎಂಬ ಅಕ್ಷರ ಕಚ್ಚಿಕೊಂಡು ಕುಳಿತಿತು. ಮರುದಿನ ಕೆಲಸಕ್ಕೆ ಹಾಜರಾದ ಸೀ ಸರ್ ಅದನ್ನು ಒತ್ತಿ ನೋಡಿದರು, ಮತ್ತೆ ಒತ್ತಿ ನೋಡಿದರು. ಆಮೇಲೆ ಪ್ಲೈವುಡ್ಡಿನ ಬಾಗಿಲಲ್ಲಿ ಬಂದು ನಿಂತು, ನನ್ನ ಹೆಸರು ಕೇಳದೆ, ನಮಸ್ಕಾರವೂ ಹೇಳದೆ, “ಬಾಯಾರ, ಒಂದ್ ಹೇರಪಿನ್ ಕೊಡ್ರಿ. ಆರ್ ಇಲ್ಲಂದ್ರ ರಿಟರ್ನ್ ಬರಿಯಾಕ ಬರೂದಿಲ್ಲ. ರಿಟರ್ನ್ ಇಲ್ಲಂದ್ರ ನಾ ಇಲ್ಲಿ ಏನ್ ಕಲಸ್ಲಿ?” ಎಂದರು. ನಾನು ಮುಡಿಯಿಂದ ಪಿನ್ನು ತೆಗೆದು ಕೊಟ್ಟೆ. ನಮ್ಮ ಪರಿಚಯ ಆದದ್ದು ಹೀಗೆ. ಪಿನ್ನು ತಿರುಗಿ ಬರಲಿಲ್ಲ.

ಅವರದು ಕಾಗವಾಡದ ಕಡೆಯ ಜೈನ ಒಕ್ಕಲು ಮನೆತನ. ಕನ್ನಡದಲ್ಲಿ ಪಾಠ ಹೇಳುತ್ತಿದ್ದರು, ಮರಾಠಿಯಲ್ಲಿ ಬೈಯುತ್ತಿದ್ದರು, ಪರೀಕ್ಷೆ ಇಂಗ್ಲಿಷಿನಲ್ಲಿ ಇಡುತ್ತಿದ್ದರು. ವಿದ್ಯಾರ್ಥಿಗಳಿಗೆ ಹೆಚ್ಚು ಚೆನ್ನಾಗಿ ಅರ್ಥವಾಗುತ್ತಿದ್ದದ್ದು ಮರಾಠಿ. ಬಡಕಲು ದೇಹ, ಸದಾ ಇಸ್ತ್ರಿ ಮಾಡಿದ ಅಂಗಿ, ಎದುರಿನವರ ಮಾತು ಮುಗಿಯುವ ಮೊದಲೇ ಆಡತೊಡಗುವ ತಲೆ. ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ. ಚಳಿಗಾಲದಲ್ಲಿ ಬೇಗ ಸಂಜೆಯಾದಾಗ ಪಾಠದ ನಡುವೆಯೇ ಡಬ್ಬಿ ತೆರೆದು, ಒಂದು ಕೈಯಲ್ಲಿ ಚಪಾತಿ ಇನ್ನೊಂದು ಕೈಯಲ್ಲಿ ಖಡು ಹಿಡಿದು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಯಾವ ಕೈ ಬಾಯಿಗೆ ಹೋಗುತ್ತದೋ ಎಂದು ಹುಡುಗರು ಪಾಠಕ್ಕಿಂತ ಹೆಚ್ಚು ಲಕ್ಷ್ಯ ಕೊಟ್ಟು ನೋಡುತ್ತಿದ್ದರು.

ಫಂಕ್ಷನ್ ಅಂದರೆ ಒಂದು ಕೆಲಸಕ್ಕೆಂದು ಬರೆದಿಟ್ಟ ಆಜ್ಞೆಗಳ ಗುಂಪು. ಅದನ್ನು ಹೆಸರು ಹಿಡಿದು ಕರೆಯಬೇಕು, ಲೆಕ್ಕಕ್ಕೆ ಬೇಕಾದ್ದನ್ನು ಕೊಡಬೇಕು, ಅದು ಲೆಕ್ಕ ಮಾಡಿ ಉತ್ತರವನ್ನು ಕರೆದವರ ಕೈಗೆ ಹಿಂದಿರುಗಿಸಬೇಕು. ಹಿಂದಿರುಗಿಸುವ ಆಜ್ಞೆಯೇ ‘ರಿಟರ್ನ್’. ಇಷ್ಟೇ ಸಂಗತಿ. ಆದರೆ ನಮ್ಮ ಹುಡುಗರು ಬರೆದ ಫಂಕ್ಷನ್ನುಗಳು ಲೆಕ್ಕ ಮಾಡಿ ಉತ್ತರವನ್ನು ಪರದೆಯ ಮೇಲೆ ಬರೆದು ಸುಮ್ಮನಾಗುತ್ತಿದ್ದವು. “ಬಂತಲ್ರೀ ಸರ್, ಕಾಣಾಕತ್ತೈತಿ” ಎಂದು ಹುಡುಗರು ವಾದಿಸುತ್ತಿದ್ದರು. ಸರ್ ಖಡು ಕೆಳಗಿಟ್ಟು ಹೇಳುತ್ತಿದ್ದರು:

“ನೀ ಗಿರಣಿಗೆ ಜೋಳಾ ಒಯ್ದಿ. ಗಿರಣ್ಯಾಂವ ಬೀಸಿದಾ. ಬೀಸಿ, ಬಾಗಲದಾಗ ನಿಂತು, ‘ಏ, ಹಿಟ್ಟ ಭಾಳ ಸಣ್ಣ ಆಗೇತಿ’ ಅಂತ ಊರಿಗೆಲ್ಲಾ ಒದರಿದಾ. ಹಿಟ್ಟ ನಿನ್ನ ಕೈಯಾಗ ಕೊಡಲಿಲ್ಲಾ. ನಿಮ್ಮವ್ವ ರೊಟ್ಟಿ ಎದರದ ಬಡೀಬೇಕು? ಆ ಒದರಾಟದ್ದ? ಒದರೂದು ಪ್ರಿಂಟ್-ಎಫ್. ಕೈಯಾಗ ಕೊಡೂದು ರಿಟರ್ನ್. ಎರಡೂ ಒಂದ ಅಲ್ಲೋ ಗಾಢವಾ!”

ಏನನ್ನೂ ಹಿಂದಿರುಗಿಸದ ಫಂಕ್ಷನ್ನುಗಳೂ ಇರುತ್ತವೆ. ಅವುಗಳ ಹಣೆಗೆ ‘ವಾಯ್ಡ್’ ಎಂದು ಬರೆಯುವುದು ರೂಢಿ. ಅದರ ಅರ್ಥ ಕೇಳಿದ ಹುಡುಗನಿಗೆ ಅವರು, ಮಾಲಕರು ಕ್ಲಾಸಿಗೆ ಏಸಿ ಹಾಕಿಸುತ್ತೇನೆಂದು ಹೇಳುತ್ತ ಬಂದದ್ದನ್ನು ಉದಾಹರಣೆ ಕೊಟ್ಟರು. ಮಾಲಕರು ಬಾಗಿಲಲ್ಲೇ ನಿಂತಿದ್ದರು. ಸರ್ ತಿರುಗಿ ನೋಡಿ, “ಬರ್ರಿ ಸಾಹೇಬರ, ನಿಮ್ಮ ಪಾಠಾನ ನಡದೈತಿ” ಎಂದರು. ಮಾಲಕರಿಗೆ ಅದು ಹೊಗಳಿಕೆಯಂತೆ ಕೇಳಿಸಿರಬೇಕು. ಒಳಗೆ ಬಂದು ಕುರ್ಚಿ ಎಳೆದು ಕುಳಿತುಬಿಟ್ಟರು.

ಇನ್ನೊಮ್ಮೆ ಅಥಣಿಯ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಮಗ ಏನು ಕಲಿತಿದ್ದಾನೆಂದು ನೋಡಲು ಬಂದರು. ಮಗ ಹುರುಪಿನಿಂದ ತನ್ನ ಪ್ರೋಗ್ರಾಮು ಓಡಿಸಿ, “ಅಪ್ಪಾ, ಎಲ್ಲಾ ಸರಿಯಾಗಿ ಮುಗದ್ರ ಮೇನ್ ಫಂಕ್ಷನ್ ಸೊನ್ನಿ ರಿಟರ್ನ್ ಮಾಡತೈತಿ. ನೋಡಿಲ್ಲೆ, ಸೊನ್ನಿ” ಎಂದ. ಅಪ್ಪನ ಮುಖ ಕಪ್ಪಿಟ್ಟಿತು.

“ಸಾಲ್ಯಾಗ ಸೊನ್ನಿ ತಂದಾಗ ಬೆತ್ತದಲೆ ಹೊಡೀತಿದ್ರು. ಇಲ್ಲಿ ಫೀ ಕಟ್ಟಿಸ್ಕೊಂಡು ಸೊನ್ನಿ ತರಾಕ ಕಲಸ್ತೀರೇನ್ರಿ?”

“ಸೊನ್ನಿ ಅಂದ್ರ ತಪ್ಪ ಒಂದೂ ಇಲ್ಲ ಅಂತ ಅರ್ಥರಿ,” ಎಂದರು ಸರ್.

“ಮತ್ತ ಯಾರಿಗೆ ಹೇಳತೈತಿ ಇದು?”

“ಮೇನ್‌ನ ಮ್ಯಾಲೂ ಒಬ್ಬಾಂವ ಕುಂತಾನ್ರಿ, ಎಲ್ಲಾ ನಡಸಾಂವ. ಅವನಿಗೆ.”

ಸರ್ ಹೇಳಿದ್ದು ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮಿನ ಬಗ್ಗೆ. ಬೆಳೆಗಾರರು ಮಾತ್ರ ಟೊಪ್ಪಿಗೆ ತೆಗೆದು ಮಾನಿಟರಿಗೆ ಕೈಮುಗಿದು, ಸಮಾಧಾನವಾಗಿ ಹೊರಟುಹೋದರು.

ರಿಟರ್ನ್ ಆದ ಮೇಲೆ ಫಂಕ್ಷನ್ ಮುಗಿಯಿತು. ಅದರ ಕೆಳಗೆ ಏನು ಬರೆದರೂ ಯಂತ್ರ ಅತ್ತ ಹೋಗುವುದಿಲ್ಲ. ಈ ನಿಯಮವನ್ನು ಅವರು ಬಾಳಿನಲ್ಲೂ ಇಟ್ಟುಕೊಂಡಿದ್ದರು. ಹೇಳುವುದು ಮುಗಿಯಿತೆಂದರೆ ಎದ್ದು ಹೊರಡುವರು. ನೀವು ಬಾಯಿ ತೆರೆದುಕೊಂಡೇ ಉಳಿಯಬೇಕು. ನಮ್ಮ ಕ್ಲಾಸಿನ ವಾರ್ಷಿಕ ಸಮಾರಂಭದಲ್ಲಿ ವಂದನಾರ್ಪಣೆ ಆದ ಮೇಲೂ ಮಾಲಕರು ಮತ್ತೆ ಮೈಕು ಹಿಡಿದಾಗ, ಸರ್ ನನ್ನ ಕಡೆ ಬಾಗಿ, “ರಿಟರ್ನ್ ಆದಮ್ಯಾಲೂ ಓಡಾಕತ್ತಾರ್ರಿ ಇವರು. ಹೆಂಗ ಬಂದ್ ಮಾಡೂದು?” ಎಂದು ನಿಜವಾದ ಚಿಂತೆಯಿಂದ ಕೇಳಿದರು.

ನಾನು ಇದೆಲ್ಲ ಕಲಿತದ್ದು ಪ್ಲೈವುಡ್ಡಿನ ಈಚೆ ಕುಳಿತು. ಹುಡುಗಿಯರು ಟೈಪು ಮುಗಿಸಿ ಎದ್ದಾಗ, ಕರೆಂಟು ಹೋಗಿ ಆಚೆಯ ಫ್ಯಾನಿನ ಸದ್ದು ನಿಂತಾಗ, ಪಾಠ ಸ್ಪಷ್ಟವಾಗಿ ಕೇಳುತ್ತಿತ್ತು. ಒಂದು ದಿನ ಸರ್ ಬೋರ್ಡಿನ ಮೇಲೆ ಬರೆದದ್ದನ್ನು ಓದಿ ಹೇಳುತ್ತಿದ್ದಾಗ ನಾನು ಈಚೆಯಿಂದಲೇ, “ಅಲ್ಲಿ ರಿಟರ್ನ್ ಬಿಟ್ಟೀರಿ, ಸರ್” ಎಂದುಬಿಟ್ಟೆ. ಆಚೆಯಿಂದ ಅವರ ದನಿ: “ಬೇಕಂತನ ಬಿಟ್ಟಿದ್ನಿ. ಇಲ್ಲಿ ಕುಂತಾವರ್ಯಾರೂ ಹಿಡೀಲಿಲ್ಲ. ನಿಮ್ಮ ಟಕಟಕ ನಿಂತಾಗೆಲ್ಲಾ ನಾ ದನಿ ಏರಿಸಿ ಹೇಳ್ತಿದ್ನಿ ಬಾಯಾರ, ಗೊತ್ತಿರಲಿಲ್ಲೇನು?” ನನಗೆ ಗೊತ್ತಿರಲಿಲ್ಲ. ಅಂದಿನಿಂದ ಮಧ್ಯಾಹ್ನದ ಬಿಡುವಿನಲ್ಲಿ ಚಪ್ಪಲಿ ಬಿಟ್ಟು ನಾನೂ ಆಚೆ ಹೋಗಿ ಕೂರತೊಡಗಿದೆ.

ಈಗ ಕಬ್ಬಿನ ವಿಷಯ.

ನಮ್ಮ ಭಾಗದ ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಪ್ರತಿ ಹಂಗಾಮಿಗೂ ಕಟಾವಿನ ಪಾಳಿಯ ಜಗಳ. ಯಾರ ಕಬ್ಬು ಯಾವ ವಾರ ಕಡಿಯಬೇಕು ಎಂಬುದನ್ನು ನಾಟಿಯ ತಿಂಗಳು, ಕಬ್ಬಿನ ತಳಿ ನೋಡಿ ನಿರ್ಧರಿಸಬೇಕೆಂದು ಕಾಯ್ದೆ. ನಡೆಯುತ್ತಿದ್ದದ್ದು ಬೇರೆ. ಚೇರ್ಮನ್ನರ ಕಬ್ಬು ಮೊದಲನೇ ವಾರ, ಅವರ ಬೀಗರದು ಎರಡನೇ ವಾರ. ಹಿಂದೆ ಉಳಿದವರ ಕಬ್ಬು ಬಿಸಿಲಿಗೆ ಒಣಗಿ ಹಗುರಾಗಿ, ಒಲೆಗೆ ಹಾಕುವಂತಾದ ಮೇಲೆ ಕಟಾವಿನ ಗ್ಯಾಂಗು ಬರುತ್ತಿತ್ತು. ರಾಯಬಾಗ ತಾಲೂಕಿನ ಅಲಖನೂರಿನ ಒಬ್ಬ ಆಯಿ, ಗಂಡ ಇಲ್ಲದ ಮುದುಕಿ, ಹಿಂದಿನ ವರ್ಷ ಒಣಗಿದ ಕಬ್ಬಿನ ಸೂಡನ್ನು ತಂದು ಚೇರ್ಮನ್ನರ ಜೀಪಿನ ಬಾನೆಟ್ಟಿನ ಮೇಲೆ ಇಟ್ಟು ಹೋಗಿದ್ದಳು. ಆ ಸುದ್ದಿ ಎಲ್ಲ ಕಡೆ ಆಗಿತ್ತು.

ಚೇರ್ಮನ್ನರು ಯೋಚಿಸಿದರು: ಪಾಳಿಯನ್ನು ಕಂಪ್ಯೂಟರು ಹೇಳಿತು ಎಂದರೆ ಯಾರು ಜಗಳಕ್ಕೆ ಬರುತ್ತಾರೆ? ಯಂತ್ರದ ಬಾನೆಟ್ಟಿನ ಮೇಲೆ ಏನಿಡುತ್ತಾರೆ? ಕೆಲಸ ನಮ್ಮ ಮಾಲಕರ ಪಾಲಿಗೆ ಬಂತು, ಮಾಲಕರಿಂದ ಸೀ ಸರ್ ಪಾಲಿಗೆ. ಸರ್ ‘ಪಾಳಿ’ ಎಂಬ ಹೆಸರಿನ ಒಂದು ಫಂಕ್ಷನ್ ಬರೆದರು. ಸದಸ್ಯರ ನಂಬರು, ನಾಟಿಯ ತಿಂಗಳು, ತಳಿ ಕೊಟ್ಟರೆ ಕಟಾವಿನ ವಾರ ಯಾವುದೆಂದು ಒಂದು ಅಂಕಿಯನ್ನು ಅದು ಹಿಂದಿರುಗಿಸುತ್ತಿತ್ತು. ರೈತರ ಮಾಹಿತಿಯನ್ನೆಲ್ಲ ಟೈಪು ಮಾಡಿದವಳು ನಾನು.

ಎಲ್ಲ ಸಿದ್ಧವಾದ ಮೇಲೆ ಚೇರ್ಮನ್ನರು ನಮ್ಮ ಮಹಡಿ ಹತ್ತಿ ಬಂದರು. ಅವರ ನಂಬರು ಹಾಕಿದೆವು. ಒಂಬತ್ತನೇ ವಾರ ಎಂದು ಬಂತು. ಚೇರ್ಮನ್ನರು ಪರದೆಯನ್ನು ಬಹಳ ಹೊತ್ತು ನೋಡಿ, ಮಾಲಕರ ಕಡೆ ತಿರುಗಿ, ಬೇಸರದಿಂದ ಕೇಳಿದರು:

“ಇದಕ್ಕ ನಮ್ಮ ಪರಿಚಯ ಮಾಡಿಸಿಲ್ಲೇನು?”

ಅವರು ಇಳಿದು ಹೋದ ಮೇಲೆ ಮಾಲಕರು ಸರ್ ಎದುರು ಕುಳಿತರು. “ಸರ, ಸಾಹೇಬರದ್ದು ಒಂದನೇ ವಾರ ಮಾಡ್ರಿ. ಒಂದ ಅಂಕಿ. ಒಂಬತ್ತ ಅಳಿಸಿ ಒಂದ ಬರೀರಿ.”

“ಒಂಬತ್ತ ಅಂತ ನಾ ಎಲ್ಲೂ ಬರದಿಲ್ರಿ. ಅವರು ಕಬ್ಬ ಹಚ್ಚಿದ ತಿಂಗಳಾ ಲೆಕ್ಕಾ ಹಾಕಿದ್ರ ಒಂಬತ್ತ ಬರತೈತಿ.”

“ಅವರು ಚೇರ್ಮನ್ನರು ಅದಾರ್ರಿ!”

“ಅದನ್ನ ಫಂಕ್ಷನ್‌ಗೆ ಹೇಳಿಲ್ರಿ. ಹೇಳಿದ್ರೂ ಕಬ್ಬ ಲಗೂನ ಬಲಿಯೂದಿಲ್ಲ.”

“ನಿಮ್ಮ ಮನ್ಯಾಗ ಸಣ್ಣ ಕೂಸ ಐತಿ ಸರ,” ಎಂದರು ಮಾಲಕರು, ಬಹಳ ಪ್ರೀತಿಯಿಂದ. “ಕೆಲಸಾ ಅನ್ನೂದು ಎಲ್ಲಾರಿಗೂ ಬೇಕಾಗತೈತಿ.”

ಸರ್ ಕಂಪ್ಯೂಟರು ಆರಿಸಿದರು. ಡಬ್ಬಿ ಎತ್ತಿಕೊಂಡು ಹೊರಟರು. ಚಪ್ಪಲಿ ಮೆಟ್ಟಿಕೊಳ್ಳದೆಯೇ ಮೆಟ್ಟಿಲಿಳಿದದ್ದು ನನಗೆ ಕಾಣಿಸಿತು. ಸಿಟ್ಟೋ ಭಯವೋ, ಎರಡೂ ಇದ್ದವೋ.

ಮರುದಿನವೇ ಮಾಲಕರು ಕೊಲ್ಲಾಪುರದಿಂದ ಒಬ್ಬ ಎಕ್ಸ್‌ಪರ್ಟನ್ನು ಕರೆಸಿದರು. ಕಪ್ಪು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡ ಆತ ಯಾವುದಕ್ಕೂ ಚಿಂತೆ ಬೇಡವೆಂದು ಮರಾಠಿಯಲ್ಲಿ “ಕಾಯ್ ಟೆನ್ಶನ್ ನಾಯ್” ಎನ್ನುತ್ತಿದ್ದ. ಸರ್ ಬರೆದ ಫಂಕ್ಷನ್ನಿನ ತಲೆಯ ಮೇಲೆ ಎರಡು ಸಾಲು ಸೇರಿಸಿ, ಕೆಳಗಿನ ಹಳೆಯ ಲೆಕ್ಕ ಉಳಿದವರಿಗೆ ಮಾತ್ರ ಎಂದು ಮಾಡಿದ. ನಂಬರು ಚೇರ್ಮನ್ನರದಾದರೆ ವಾರ ಒಂದು ಎಂದಿಟ್ಟುಕೊಳ್ಳಬೇಕು ಎಂಬುದು ಒಂದು ಸಾಲು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ‘ವೆಲ್ಕಮ್ ಚೇರ್ಮನ್ ಸಾಹೇಬ್’ ಎಂದು ಸ್ವಾಗತ ಬರೆಯಬೇಕು ಎಂಬುದು ಇನ್ನೊಂದು. ಸ್ವಾಗತ ನೋಡಿ ಮಾಲಕರಿಗೆ ಕಣ್ಣು ತುಂಬಿ ಬಂತು. ಓಡಿಸಿ ನೋಡೋಣವೆಂದರೆ ಮಾಲಕರೇ ಬೇಡವೆಂದರು. ಸಾಹೇಬರ ನಂಬರನ್ನು ಮೊದಲು ಒತ್ತುವ ಶುಭ ಕಾರ್ಯ ಮಂತ್ರಿಗಳ ಹಸ್ತದಿಂದಲೇ ಆಗಬೇಕು.

ಹಂಗಾಮು ಶುರುವಾಗುವ ಮೊದಲು ಕಾರ್ಖಾನೆಯ ಅಂಗಳದಲ್ಲಿ ದೊಡ್ಡ ಮಂಟಪ ಹಾಕಿದರು. ಕಬ್ಬೂರು, ಅಲಖನೂರು, ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಜನ ಬಂದರು. ವೇದಿಕೆಯ ಮೇಲೆ ಮಂತ್ರಿಗಳು, ಚೇರ್ಮನ್ನರು, ನಮ್ಮ ಮಾಲಕರು, ಎಕ್ಸ್‌ಪರ್ಟ್ ಮತ್ತು ಕಂಪ್ಯೂಟರು. ಪರದೆ ಜನರಿಗೆ ಕಾಣುವುದಿಲ್ಲವಾದ್ದರಿಂದ ಅದರಲ್ಲಿ ಬಂದದ್ದನ್ನು ಮೈಕಿನಲ್ಲಿ ಓದಿ ಹೇಳುವ ಕೆಲಸ ನನ್ನದು. ಸೀ ಸರ್‌ಗೆ ವೇದಿಕೆಯ ಮೇಲೆ ಕುರ್ಚಿ ಇರಲಿಲ್ಲ. ಹಿಂದಿನ ಸಾಲಿನಲ್ಲಿ ರೈತರ ನಡುವೆ ಕುಳಿತಿದ್ದರು.

ಸ್ವಾಗತ ಭಾಷಣ, ಪ್ರಾಸ್ತಾವಿಕ, ಸತ್ಕಾರ ಎಲ್ಲ ಮುಗಿದು ಮಂತ್ರಿಗಳು ಕೀಬೋರ್ಡಿನ ಮೇಲೆ ಬೆರಳಿಟ್ಟರು. ನಾನು ಓದಿದೆ:

“ವೆಲ್ಕಮ್ ಚೇರ್ಮನ್ ಸಾಹೇಬ್.”

ಚಪ್ಪಾಳೆ ಬಿತ್ತು. ಚೇರ್ಮನ್ನರು ಎದ್ದು ಕೈಮುಗಿದರು. ಮುಂದಿನ ಸಾಲನ್ನು ಎರಡು ಸಲ ನೋಡಿದೆ. ಆದರೂ ಓದಿದೆ, ಓದುವುದೇ ನನ್ನ ಕೆಲಸ.

“ನಿಮ್ಮ ಪಾಳಿ, ಇಪ್ಪತ್ತಮೂರನೇ ವಾರ.”

ಅಷ್ಟು ಹೊತ್ತಿಗೆ ಬೇಸಿಗೆ ನಡುವಿಗೆ ಬಂದಿರುತ್ತದೆ, ಕಾರ್ಖಾನೆಯ ಚಿಮಣಿ ಆರಿರುತ್ತದೆ. ಹಿಂದಿನಿಂದ ಯಾರೋ, “ಸಾಹೇಬರ, ಮಳಿ ಹತ್ತಿದಮ್ಯಾಲ ಕಡಸ್ತೀರೇನ್ರಿ?” ಎಂದು ಕೂಗಿದರು. ನಗು ಎದ್ದಿತು.

ಮಾಲಕರು ಎಕ್ಸ್‌ಪರ್ಟಿನ ಕಿವಿಯತ್ತ ಬಾಗಿದರು. ಮೈಕು ಅವರ ಪಕ್ಕದಲ್ಲೇ ಇತ್ತು, ಎಲ್ಲರಿಗೂ ಕೇಳಿಸಿತು: “ಹೆಸರಿನ ಮುಂದ ಶ್ರೀ ಹಾಕಿಲ್ಲ ನೋಡ್ರಿ, ಅದಕ್ಕ ಹಿಂಗಾಗೇತಿ. ಶ್ರೀ ಹಾಕ್ರಿ.”

ಎಕ್ಸ್‌ಪರ್ಟ್ ಅಲ್ಲೇ ಪ್ರೋಗ್ರಾಮು ತೆರೆದು ‘ಶ್ರೀ’ ಸೇರಿಸಿದ. ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವಾಗ ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಪಕ್ಕದಲ್ಲೇ ಇದ್ದ ಮಂತ್ರಿಗಳು ಬಾಗಿ ಓದಿದರು: “ಫಂಕ್ಷನ್ ಶುಡ್ ರಿಟರ್ನ್ ಎ ವ್ಯಾಲ್ಯೂ. ಇದೇನ್ರಿ?”

“ಕಾಯ್ ಟೆನ್ಶನ್ ನಾಯ್ ಸರ್. ವಾರ್ನಿಂಗ್ ಆಹೆ.”

“ವಾರ್ನಿಂಗ? ಯಾರಿಗೆ?” ಮಂತ್ರಿಗಳು ಕುರ್ಚಿಯಲ್ಲಿ ನೆಟ್ಟಗಾದರು. ಅವರಿಗೆ ಫಂಕ್ಷನ್ ಎಂದರೆ ಒಂದೇ ಅರ್ಥ: ಮಂಟಪ, ಹಾರ, ಭಾಷಣ. ಸ್ವಲ್ಪ ಯೋಚಿಸಿ, ಮೈಕನ್ನು ಹತ್ತಿರ ಎಳೆದುಕೊಂಡರು. “ಬಂಧುಗಳೇ, ಈ ಯಂತ್ರ ನಮಗೆಲ್ಲ ಒಂದು ಎಚ್ಚರಿಕೆ ಕೊಟ್ಟಿದೆ. ಫಂಕ್ಷನ್ ಮಾಡಿದರೆ ಸಾಲದು, ಅದರಿಂದ ಜನರ ಕೈಗೆ ಏನಾದರೂ ಸಿಗಬೇಕು ಅಂತ ಹೇಳುತ್ತಿದೆ. ನಾನು ಇದನ್ನು ನೂರಕ್ಕೆ ನೂರು ಒಪ್ಪುತ್ತೇನೆ!”

ಜನ ಚಪ್ಪಾಳೆ ತಟ್ಟಿದರು. ಯಂತ್ರದ ಬಗ್ಗೆ ಅವರಿಗೆ ಗೌರವ ಹುಟ್ಟಿದ್ದು ಆಗಲೇ. ಎಕ್ಸ್‌ಪರ್ಟ್ ಮತ್ತೆ ನಂಬರು ಒತ್ತಿದ. ನಾನು ಓದಿದೆ: “ವೆಲ್ಕಮ್ ಶ್ರೀ ಚೇರ್ಮನ್ ಸಾಹೇಬ್. ನಿಮ್ಮ ಪಾಳಿ, ಇಪ್ಪತ್ತೆಂಟನೇ ವಾರ.”

ಈ ಸಲದ ನಗುವಿಗೆ ಮಂಟಪದ ಕಂಬಗಳು ಅಲುಗಿದವು. ಮಾಲಕರು, “ಮಾನನೀಯ ಅಂತ ಹಾಕಿ ನೋಡ್ರಿ” ಎನ್ನುತ್ತಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಸೀ ಸರ್ ಎದ್ದು, ಬೆರಳು ಮಡಚಿ ಏನನ್ನೋ ಎಣಿಸುತ್ತ, ಜನರನ್ನು ಸರಿಸಿಕೊಂಡು ಬಂದರು. ಅವರ ಮುಖದಲ್ಲಿ ನಗುವಿರಲಿಲ್ಲ. ತಪ್ಪು ಸಿಕ್ಕಿದಾಗ ಬರುತ್ತಿದ್ದ ಒಂದು ಬಗೆಯ ಹಸಿವಿತ್ತು. ವೇದಿಕೆ ಹತ್ತಿ ಪರದೆಯನ್ನು ನೋಡಿ, ನನ್ನ ಕೈಯಿಂದ ಮೈಕು ತೆಗೆದುಕೊಂಡರು.

“ಇನ್ನ ಶ್ರೀ, ಮಾನನೀಯ ಏನೂ ಹಾಕಬ್ಯಾಡ್ರಿ. ಎಷ್ಟ ಹೊಗಳತೀರಿ ಅಷ್ಟ ಪಾಳಿ ಹಿಂದ ಹೊಕ್ಕೈತಿ.”

ಚೇರ್ಮನ್ನರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

“ಈ ಫಂಕ್ಷನ್ ಒಂದು ಅಂಕಿ ತಿರುಗಿ ಕೊಡಬೇಕಿತ್ರಿ. ಸಾಹೇಬರ ನಂಬರ ಬಂದ್ರ ಸಾಕು, ವಾರ ಒಂದು ಅಂತ ತನ್ನ ಹೊಟ್ಯಾಗ ಇಟ್ಕೊಂಡು, ಮ್ಯಾಲ ಸ್ವಾಗತಾ ಒದರಿ, ಏನೂ ಕೊಡದ ಹೊರಗ ಬೀಳತೈತಿ. ಹೊಟ್ಯಾಗಿಂದು ಅಲ್ಲೇ ಸಾಯತೈತಿ. ಕೇಳಿದಾಂವ ಮಾತ್ರ ಕೈಚಾಚಿ ನಿಂತಿರತಾನ. ಆವಾಗ ಅಲ್ಲಿ ಏನ ಬಿದ್ದಿರತೈತಿ ಅದನ್ನ ತಗೋತಾನ. ಗ್ಯಾರಂಟಿ ಇಲ್ಲ, ಏನರ ಇರಬಹುದು. ಇವತ್ತ ಏನ ಬಿದ್ದಿತ್ತು? ಸ್ವಾಗತಾ ಬರದ ಪ್ರಿಂಟ್-ಎಫ್, ‘ನಾ ಇಷ್ಟ ಅಕ್ಷರಾ ಬರದ್ನಿ’ ಅಂತ ಒಂದು ಲೆಕ್ಕಾ ಕೊಡತೈತ್ರಿ. ಅದು ಬಿದ್ದಿತ್ತು. ವೆಲ್ಕಮ್ ಚೇರ್ಮನ್ ಸಾಹೇಬ್, ಇಂಗ್ಲಿಷ್ ಅಕ್ಷರಾ, ನಡುವಿನ ಖಾಲಿ ಜಾಗಾ, ಸಾಲ ಮುರಿಯೂ ಗುರ್ತಾ ಕೂಡಿ ಇಪ್ಪತ್ತಮೂರು. ಶ್ರೀ ಹಾಕಿದ್ರಿ, ನಾಕ ಅಕ್ಷರಾ ಒಂದ ಖಾಲಿ ಜಾಗಾ ಕೂಡಿ ಇಪ್ಪತ್ತೆಂಟ ಆತು.”

ಎಲ್ಲರಿಗೂ ಪೂರ್ತಿ ತಿಳಿಯಿತೆಂದು ಹೇಳಲಾರೆ. ಹೊಟ್ಟೆಯೊಳಗೆ ಒಂದು ಇಟ್ಟುಕೊಂಡು ಮೇಲೆ ಇನ್ನೊಂದು ಒದರುವ ವಿಷಯ ಮಾತ್ರ ಕಾರ್ಖಾನೆಯ ಸದಸ್ಯರಿಗೆ ಪಾಠವಿಲ್ಲದೆಯೇ ಗೊತ್ತಿತ್ತು. “ಸಾಹೇಬರದ್ದು ವಾರ ಒಂದು ಅಂತ ಯಾರು ಇಡಸಿದ್ರು?” ಎಂಬ ಕೂಗು ಎದ್ದಿತು. ಸರ್ ಅದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗದೆ ಆ ಎರಡು ಸಾಲು ಅಳಿಸಿ, ಮತ್ತೆ ಓಡಿಸಿದರು. ನಾನು ಓದಿದೆ. ಒಂಬತ್ತನೇ ವಾರ.

ಚೇರ್ಮನ್ನರು ಮಂತ್ರಿಗಳ ಮುಖ ನೋಡಿದರು. ಮಂತ್ರಿಗಳು, ತಾವು ಯಂತ್ರದೊಡನೆ ಒಪ್ಪಂದಕ್ಕೆ ಬಂದಾಗಿದೆ ಎನ್ನುವಂತೆ ತಲೆಯಾಡಿಸಿದರು. ಚೇರ್ಮನ್ನರು ಎದ್ದು, “ಕಾಯ್ದೆ ಎಲ್ಲಾರಿಗೂ ಒಂದ ಅಂತ ತೋರಸಾಕ ನಾನ ಈ ಪರೀಕ್ಷಾ ಇಡಸಿದ್ನಿ” ಎಂದು ಘೋಷಿಸಿದರು. ಆಗ ಅಲಖನೂರಿನ ಆಯಿ ಕೂತಲ್ಲಿಂದಲೇ ತನ್ನ ನಂಬರು ಕೂಗಿದಳು. ಸರ್ ಒತ್ತಿದರು. ಎರಡನೇ ವಾರ. ಆಯಿ ನಂಬದೆ ಇನ್ನೊಮ್ಮೆ ಒತ್ತಿಸಿದಳು. ಎರಡನೇ ವಾರ.

ಸರ್ ಮೈಕನ್ನು ನನ್ನ ಕೈಗಿತ್ತು, ಮಂತ್ರಿಗಳಿಗೂ ಹೇಳದೆ ವೇದಿಕೆ ಇಳಿದು ಹೋಗಿಬಿಟ್ಟರು.

ಸೋಮವಾರ ಮಾಲಕರು ಅವರನ್ನು ಕೆಲಸದಿಂದ ತೆಗೆದರು. “ಸರಿ ಮಾಡಿದ್ದಕ್ಕ ತಗೀಲಿಲ್ರಿ, ಎಲ್ಲಾರ ಮುಂದ ಸರಿ ಮಾಡಿದ್ದಕ್ಕ ತಗದ್ನಿ” ಎಂದು ಅವರು ನನಗೆ ವಿವರಿಸಿದರು. ತಮ್ಮ ನ್ಯಾಯಬುದ್ಧಿಯ ಬಗ್ಗೆ ಅವರಿಗೆ ಸಂಶಯವಿರಲಿಲ್ಲ. ಸರ್ ಹೆಂಡತಿ, ಕೂಸಿನೊಂದಿಗೆ ಮಾವನ ಮನೆಯಿದ್ದ ನಿಪ್ಪಾಣಿಗೆ ಹೋದರು. ಮಾವನವರ ಹಳೆಯ ತಂಬಾಕಿನ ಗೋದಾಮಿನಲ್ಲಿ ಎರಡು ಕಂಪ್ಯೂಟರು ಇಟ್ಟು ಕ್ಲಾಸು ತೆರೆದರೆಂದು ಕೇಳಿದೆ. ಅವರಿಲ್ಲದ ಪ್ಲೈವುಡ್ಡಿನ ಆಚೆ ಎಕ್ಸ್‌ಪರ್ಟ್ ಕಲಿಸುತ್ತಿದ್ದ. ಈಚೆಗೆ ಕೇಳುತ್ತಿದ್ದದ್ದು ‘ಟೆನ್ಶನ್ ನಾಯ್’ ಒಂದೇ.

ಚೇರ್ಮನ್ನರು ಮಂತ್ರಿಗಳ ಮುಂದೆ ಆಡಿದ ಮಾತು ಪೇಪರಿನಲ್ಲಿ ಬಂದುಬಿಟ್ಟಿದ್ದರಿಂದ ಆ ವರ್ಷ ಕಟಾವು ಪಾಳಿಯಂತೆ ನಡೆಯಿತು. ಹಂಗಾಮು ಶುರುವಾಗಿ ಕೆಲವು ದಿನಗಳಾದ ಮೇಲೆ, ಒಂದು ಮಧ್ಯಾಹ್ನ, ಅಲಖನೂರಿನ ಆಯಿ ಎಲೆ ಬಿಡಿಸದ ಕಬ್ಬಿನ ದೊಡ್ಡ ಸೂಡನ್ನು ಹೊತ್ತು ನಮ್ಮ ಮಹಡಿ ಹತ್ತಿ ಬಂದಳು. ಮೆಟ್ಟಿಲ ಗೋಡೆಗೆ ಎಲೆ ಸವರುವ ಸದ್ದಿಗೆ ಮಾಲಕರು ಹೊರಬಂದು, ಹಲ್ಲು ಬಿಟ್ಟು, ಎರಡೂ ಕೈ ಮುಂದೆ ಚಾಚಿದರು.

“ನಿಮಗಲ್ಲೋ ಯಪ್ಪಾ,” ಎಂದಳು ಆಯಿ. “ಲೆಕ್ಕಾ ಮಾಡಿದಾಂವ ಎಲ್ಲಿ?”

ನಾನು ನಿಪ್ಪಾಣಿ ಎಂದೆ. ಆಯಿ ಸೂಡು ಕೆಳಗಿಡಲೂ ಇಲ್ಲ, ತಿರುಗಿ ಇಳಿಯತೊಡಗಿದಳು. ಆ ವಯಸ್ಸಿನ ಹೆಂಗಸು ಅಷ್ಟು ಭಾರ ಹೊತ್ತು ಬಸ್ಸು ಹತ್ತುವುದನ್ನು ನೋಡಲಾಗದೆ ಅರ್ಧ ಕಬ್ಬು ನಾನು ತೆಗೆದುಕೊಂಡೆ. ಬಸ್‌ಸ್ಟ್ಯಾಂಡಿನವರೆಗೆ ಎಂದು ಹೊರಟವಳು, ಬಸ್ಸು ಬಂದಾಗ ಅವಳ ಹಿಂದೆಯೇ ಹತ್ತಿಬಿಟ್ಟೆ.

ಗೋದಾಮಿನಲ್ಲಿ ಹುಡುಗರು ಸೀನುತ್ತ ಪ್ರೋಗ್ರಾಮು ಬರೆಯುತ್ತಿದ್ದರು. ತಂಬಾಕಿನ ಘಾಟು ಗೋಡೆಗಳನ್ನು ಇನ್ನೂ ಬಿಟ್ಟಿರಲಿಲ್ಲ. ಸರ್ ಇನ್ನಷ್ಟು ಬಡಕಲಾಗಿದ್ದರು. ಕಬ್ಬನ್ನು ನೋಡಿ ಕೈಯನ್ನು ಇಸ್ತ್ರಿ ಮಾಡಿದ ಅಂಗಿಗೇ ಒರೆಸಿಕೊಂಡರು. “ಆಯಿ, ನಾ ಏನೂ ಮಾಡಿಲ್ಲ. ಲೆಕ್ಕಾ ಬಂದಂಗ ಬಂತು” ಎಂದರು. ಆಯಿ ಒಂದು ಗಳ ಮುರಿದು ಅವರ ಕೈಗೆ ಕೊಟ್ಟಳು. ಮೂವರೂ ಮೆಟ್ಟಿಲ ಮೇಲೆ ಕುಳಿತು, ಬಿಸಿಲಿರುವಾಗಲೇ ಕಬ್ಬು ಸಿಗಿದು ತಿಂದೆವು. ತಿನ್ನುತ್ತ ಸರ್, ಬೇರೆಲ್ಲೋ ನೋಡಿಕೊಂಡು, “ಬಾಯಾರ, ಇಲ್ಲಿ ಹೆಣ್ಣಹುಡುಗ್ಯಾರ ಬ್ಯಾಚ್ ಸುರು ಮಾಡಬೇಕಂತೀನಿ. ನೀವು ಕಲಸ್ತೀರಿ” ಎಂದರು. ಕೇಳಿದ್ದಲ್ಲ, ಹೇಳಿದ್ದು. ನನ್ನ ಮುಂದಿನ ವರ್ಷಗಳೆಲ್ಲ ನಿಪ್ಪಾಣಿಯಲ್ಲಿ ಕಳೆದದ್ದು ಆ ಒಂದು ಮಾತಿನಿಂದ.

ಆಯಿ ಸಿಪ್ಪೆಯನ್ನು ಸೆರಗಿನಲ್ಲಿ ಕೂಡಿಸಿಕೊಳ್ಳುತ್ತ ಕೇಳಿದಳು. “ತಮ್ಮಾ, ಬರೂ ವರ್ಷಾನೂ ನಂದು ಎರಡನೇ ವಾರನ ಬರತೈತಲ್ಲಾ?”

ಸರ್ ಅಗಿಯುವುದನ್ನು ನಿಲ್ಲಿಸಿದರು. ಸುಳ್ಳು ಹೇಳಿ ಮುದುಕಿಯನ್ನು ಸಂತೋಷಪಡಿಸುವುದು ಅವರಿಂದ ಆಗುವ ಕೆಲಸವಲ್ಲ ಎಂದು ನನಗೆ ಗೊತ್ತಿತ್ತು.

“ಇದ ತಿಂಗಳದಾಗ ಹಚ್ಚಿದ್ರ ಮಷೀನ ಎರಡಂತನ ಹೇಳತೈತಿ ಆಯಿ. ಹೇಳೂದಷ್ಟ ಅದರ ಕೆಲಸಾ. ಹೇಳಿದ್ದನ್ನ ತಗೋಬೇಕೋ ಬಿಡಬೇಕೋ ಅನ್ನೂದು ಕೇಳಿದ ಕಾರ್ಖಾನ್ಯಾವರದು. ಸುಮ್ಮ ಕರದು, ಉತ್ತರಾ ಕೇಳಿ, ಬಿಟ್ಟ ಕೊಟ್ರೂ ನಡೀತೈತಿ ಅದರಾಗ. ತಪ್ಪಂತ ಬರೂದಿಲ್ಲ, ವಾರ್ನಿಂಗೂ ಬರೂದಿಲ್ಲ.”

ಆಯಿ ಮೊಣಕಾಲ ಮೇಲೆ ಕೈಯೂರಿ ಎದ್ದು, ಸೆರಗು ಕೊಡವಿದಳು.

“ಆತಳ ತಮ್ಮಾ. ವಾರ್ನಿಂಗ ನಾ ಕೊಡತೀನಿ.”